ಅಜ್ಜಿಯ ಕಿವಿ ಮತ್ತು ಎಡಗಡೆ ಸ್ಪೀಕರು



ಈ ಸಲದ ಗೋಡೆ ಪತ್ರಿಕೆಗೆ ನೀವೆಲ್ಲ ಶಾಲಾ ಪ್ರವಾಸದ ಅನುಭವ ಬರೆದಿದ್ದೀರಿ. ನಾನು ಪ್ರವಾಸಕ್ಕೆ ಬಂದಿರಲಿಲ್ಲ. ಯಾಕೋ ಬರಲಿಲ್ಲ ಎಂದು ಕೇಳಿದವರಿಗೆಲ್ಲ ಜ್ವರ ಬಂದಿತ್ತು ಎಂದು ಹೇಳಿದ್ದೆ. ಅದು ಸುಳ್ಳು. ಪ್ರವಾಸಕ್ಕೆಂದು ಕೂಡಿಟ್ಟಿದ್ದ ದುಡ್ಡು ಒಂದು ಸ್ಪೀಕರ್ ರಿಪೇರಿಗೆ ಖರ್ಚಾಗಿತ್ತು. "ನಿನಗೆ ಆದದ್ದನ್ನೇ ಬರಿ, ಪುಸ್ತಕದ್ದು ಬೇಡ" ಎಂದು ಕನ್ನಡ ಮೇಷ್ಟ್ರು ಹೇಳಿದರು. ಆದ್ದರಿಂದ ಆ ಸ್ಪೀಕರ್ ವಿಷಯವನ್ನೇ ಬರೆಯುತ್ತಿದ್ದೇನೆ. ಓದಿ ನಗುವವರು ನಗಬಹುದು. ಆದರೆ ನಮ್ಮ ಅಜ್ಜಿ ಎದುರಿಗೆ ಸಿಕ್ಕಿದಾಗ ನಗಬೇಡಿ.

ನಮ್ಮ ಮನೆಯಲ್ಲಿ ಒಂದು ಹಳೆಯ ಸ್ಟೀರಿಯೋ ಸೆಟ್ ಇದೆ. 1998ರಲ್ಲಿ ಹೊಗೆಸೊಪ್ಪು ಮಾರಿದ ದುಡ್ಡಿನಲ್ಲಿ ನಮ್ಮ ಅಜ್ಜ ಮೈಸೂರಿನಿಂದ ತಂದದ್ದು. ನಡುವೆ ಕ್ಯಾಸೆಟ್ ಹಾಕುವ, ರೇಡಿಯೋ ಬರುವ ಸೆಟ್ಟು. ಎಡಕ್ಕೊಂದು ಬಲಕ್ಕೊಂದು ಮರದ ಡಬ್ಬದ ಸ್ಪೀಕರು. ಸ್ಟೀರಿಯೋ ಎಂದರೆ ಎರಡು ಕಡೆಯಿಂದ ಬೇರೆ ಬೇರೆ ಸದ್ದು ಬಿಟ್ಟು, ಹಾಡುವವರು ಕಣ್ಣೆದುರಿಗೇ ಕೂತ ಹಾಗೆ ಕೇಳಿಸುವ ಏರ್ಪಾಡು. ಇಂಗ್ಲೆಂಡಿನ ಅಲನ್ ಬ್ಲೂಮ್‌ಲೈನ್ ಎಂಬ ಎಂಜಿನಿಯರ್ 1931ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರಂತೆ. ನಮ್ಮ ಮನೆಯಲ್ಲಿ ಮಾತ್ರ ಈ ಏರ್ಪಾಡು ಬೇರೆ. ಅಜ್ಜ ತೀರಿಕೊಂಡ ಮೇಲೆ ಅಪ್ಪ ಬಲಗಡೆ ಸ್ಪೀಕರನ್ನು ನಡುಮನೆಯಲ್ಲೇ ಬಿಟ್ಟು, ಎಡಗಡೆಯದಕ್ಕೆ ಉದ್ದ ವೈರು ಎಳೆದು ಹಿಂದಿನ ಕೋಣೆಯಲ್ಲಿ ಅಜ್ಜಿಯ ಮಂಚದ ತಲೆದಿಸೆಗೆ ಇಟ್ಟರು. ಒಂದು ಸ್ಪೀಕರು ಮನೆಮಂದಿಗೆ, ಇನ್ನೊಂದು ಅಜ್ಜಿಗೆ.

ಅಜ್ಜಿಗೆ 76 ವರ್ಷ. ಓದು ಬರಹ ಬಾರದು. ಟಿ.ವಿ. ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಅಜ್ಜಿಗಿರುವುದು ಮೈಸೂರು ಆಕಾಶವಾಣಿ ಒಂದೇ. ಆ ಆಕಾಶವಾಣಿಯೂ ಶುರುವಾದದ್ದು ಒಂದು ಮನೆಯಲ್ಲೇ. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಇದನ್ನು ಅಜ್ಜಿಗೆ ಹೇಳಿದಾಗ, "ಅಂಗಾರೆ ಮನೆಯಿಂದ ಮನೆಗೇ ಮಾತಾಡ್ತಾವ್ರೆ ಅನ್ನು" ಎಂದಿತ್ತು. ಬೆಳಿಗ್ಗೆ ವಾರ್ತೆ, ಸಂಜೆ ರೈತರ ಕಾರ್ಯಕ್ರಮ, ರಾತ್ರಿ ಹಾಡು. ಮಳೆ ಎಲ್ಲಿ ಬಂತು, ರಾಗಿ ರೇಟು ಏನಾಯ್ತು, ಕಬಿನಿ ಎಷ್ಟು ತುಂಬಿತು, ಎಲ್ಲವನ್ನೂ ಅಜ್ಜಿಯೇ ಅಪ್ಪನಿಗೆ ಹೇಳುವುದು.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಆಗಸ್ಟ್ ತಿಂಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಸೊಪ್ಪು ಬೆಳೆಯುವವರಿಗೆ ನಿದ್ದೆ ಇರುವುದಿಲ್ಲ ಎಂದು ನಿಮಗೇ ಗೊತ್ತು. ಬ್ಯಾರನ್‌ಗೆ ಸೊಪ್ಪು ಏರಿಸಿದ ಮೇಲೆ ಹದವಾಗುವ ತನಕ ಹಗಲೂ ರಾತ್ರಿ ಸೌದೆ ಹಾಕಿ ಕಾವು ನೋಡುತ್ತಿರಬೇಕು. ಕಾವು ಜಾಸ್ತಿಯಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಅಂದು ಶನಿವಾರ. ಅಜ್ಜಿ ಪಿರಿಯಾಪಟ್ಟಣದ ಅತ್ತೆ ಮನೆಗೆ ಹೋಗಿತ್ತು. ಅಪ್ಪ ದೊಡ್ಡಪ್ಪನ ಬ್ಯಾರನ್‌ಗೆ ಸೊಪ್ಪು ಏರಿಸಲು ಮುಯ್ಯಾಳಾಗಿ ಹೊರಟರು. "ಅನ್ನೆರಡು ಗಂಟೆಗೆ ಬತ್ತೀನಿ, ಅಲ್ಲೀಗಂಟ ಕಾವು ಇಳೀದಂಗೆ ನೋಡ್ಕೊ" ಎಂದರು. ನಾನು, ನನ್ನ ತಮ್ಮ ಇಬ್ಬರೇ ಬ್ಯಾರನ್ ಒಲೆಯ ಮುಂದೆ ಕೂತೆವು.

ಹತ್ತು ಗಂಟೆಗೆಲ್ಲ ತಮ್ಮ ತೂಕಡಿಸತೊಡಗಿದ. ನಿದ್ದೆ ಬಾರದ ಹಾಗೆ ಹಾಡು ಹಾಕೋಣ ಅನ್ನಿಸಿತು. ಅಜ್ಜಿಯ ಕೋಣೆಯ ಕಿಟಕಿ ಬ್ಯಾರನ್ ಕಡೆಗೇ ಇದೆ. ಸ್ಪೀಕರನ್ನು ಕಿಟಕಿಗೆ ತಿರುಗಿಸಿದೆ. ನಡುಮನೆಯಲ್ಲಿ ಮಲಗಿದ್ದ ಅವ್ವನಿಗೆ ತೊಂದರೆ ಆಗಬಾರದೆಂದು ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಮೊಬೈಲನ್ನು ವೈರಿನಿಂದ ಸೆಟ್ಟಿಗೆ ಸಿಕ್ಕಿಸಿ ಡಿ.ಜೆ. ಹಾಡು ಹಾಕಿದೆ. ಬ್ಯಾರನ್ ಹತ್ತಿರಕ್ಕೆ ಸಾಲದು ಎಂದು ವಾಲ್ಯೂಮ್ ಅರ್ಧಕ್ಕೆ ತಂದೆ, ಮುಕ್ಕಾಲಿಗೆ ತಂದೆ, ಕೊನೆಗೆ ತುದಿಗೇ ತಿರುಗಿಸಿದೆ. ಬಾಸ್ ಬಟನ್ನೂ ಒತ್ತಿದೆ. "ಸಣ್ಣಗೆ ಮಾಡ್ರುಲಾ, ಊರೇ ಏಳ್ತದೆ" ಎಂದು ಅವ್ವ ಒಳಗಿನಿಂದ ಕೂಗಿದಳು. ಕೇಳಿಸದವನ ಹಾಗೆ ಇದ್ದೆ.

ಸ್ವಲ್ಪ ಹೊತ್ತಿಗೆ ಹಾಡಿನ ಜೊತೆಗೆ ಗರಗರ ಎಂದು ಸದ್ದು ಬರತೊಡಗಿತು. "ಅಣ್ಣ, ಡಿ.ಜೆ. ಥರಾನೇ ಐತೆ" ಎಂದ ತಮ್ಮ. ನನಗೂ ಹಾಗೇ ಅನ್ನಿಸಿತು. ಆಮೇಲೆ ಏನೋ ಸುಟ್ಟ ವಾಸನೆ ಬಂತು. ಬ್ಯಾರನ್ ಹೊಗೆ ಇರಬೇಕು ಎಂದುಕೊಂಡೆ. ಇದ್ದಕ್ಕಿದ್ದಂತೆ ಹಾಡು ನಿಂತಿತು. ಓಡಿಹೋಗಿ ನೋಡಿದರೆ ಮೊಬೈಲಿನಲ್ಲಿ ಹಾಡು ಓಡುತ್ತಲೇ ಇದೆ, ಸೆಟ್ಟಿನ ದೀಪವೂ ಉರಿಯುತ್ತಿದೆ, ಸ್ಪೀಕರ್ ಮಾತ್ರ ಉಸಿರಿಲ್ಲ. ಬ್ಯಾಲೆನ್ಸ್ ಗುಂಡಿಯನ್ನು ಮಧ್ಯಕ್ಕೆ ತಂದೆ. ನಡುಮನೆಯ ಸ್ಪೀಕರ್ ಚೆನ್ನಾಗಿಯೇ ಹಾಡಿತು. ನನಗೆ ಎದೆ ಧಸಕ್ ಎಂದಿತು. ಎಲ್ಲವನ್ನೂ ಇದ್ದ ಹಾಗೆಯೇ ಜೋಡಿಸಿಟ್ಟು ಬಂದು ಕೂತೆ. ಯಾರಿಗೂ ಹೇಳಬೇಡ ಎಂದು ತಮ್ಮನಿಗೆ ನನ್ನ ಹೊಸ ಪೆನ್ನು ಕೊಟ್ಟೆ. ಮಾರನೆ ದಿನ ಅವನು ಕ್ರಿಕೆಟ್ ಬಾಲನ್ನೂ ಕೇಳಿ ಪಡೆದ.

ಅಜ್ಜಿ ಎರಡು ದಿನ ಬಿಟ್ಟು ವಾಪಸು ಬಂತು. ಬೆಳಿಗ್ಗೆ ಅಪ್ಪ ಎಂದಿನಂತೆ ರೇಡಿಯೋ ಹಾಕಿದರು. ನಡುಮನೆಯಲ್ಲಿ ವಾರ್ತೆ ಬರುತ್ತಿತ್ತು. ಅಜ್ಜಿ ಮಂಚದ ಮೇಲಿಂದ, "ಯಾಕಪ್ಪ, ರೇಡಿಯೋದೋರು ಇವತ್ತು ಸಣ್ಣಗೆ ಮಾತಾಡ್ತಾವ್ರೆ" ಎಂದಿತು. "ಇಲ್ಲ ಕಣವ್ವ, ಜೋರಾಗೇ ಬತ್ತಾ ಅದೆ" ಎಂದರು ಅಪ್ಪ. ಅವರು ನಿಂತಿದ್ದದ್ದು ನಡುಮನೆಯಲ್ಲಿ. ಅವರಿಗೆ ಕೇಳಿಸುತ್ತಿತ್ತು. ಸೊಪ್ಪಿನ ಗಡಿಬಿಡಿಯಲ್ಲಿ ಯಾರೂ ಕೋಣೆಗೆ ಹೋಗಿ ನೋಡಲಿಲ್ಲ. ಮೂರನೆಯ ದಿನಕ್ಕೆ ಅವ್ವ, "ವಯಸ್ಸಾಯ್ತಲ್ಲ, ಅಜ್ಜಿಗೆ ಕಿವಿ ಹೋಯ್ತಾ ಅದೆ" ಎಂದಳು. ಅಷ್ಟೇ, ಅದೇ ಮಾತು ನಿಂತುಬಿಟ್ಟಿತು.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಪ್ಪ ಹೊಡೆಯುತ್ತಾರೆ ಎಂಬ ಭಯ ಒಂದು. ಹೇಗೂ ಅಜ್ಜಿಗೆ ವಯಸ್ಸಾಗಿದೆ, ಸ್ವಲ್ಪ ದಿನ ನಡೆಯಲಿ ಎಂಬ ಕೆಟ್ಟ ಬುದ್ಧಿ ಇನ್ನೊಂದು.

ಮನುಷ್ಯರಿಗೆ ಕಿವಿ ಕೇಳಿಸದು ಎಂದು ನಾಲ್ಕು ಜನ ನಂಬಿದರೆ ಏನಾಗುತ್ತದೆ ಎಂದು ಆ ಎರಡು ವಾರದಲ್ಲಿ ನೋಡಿದೆ. ಮನೆಗೆ ಬಂದವರೆಲ್ಲ ಅಜ್ಜಿಯ ಹತ್ತಿರ ಕಿರುಚಿ ಮಾತಾಡತೊಡಗಿದರು. ಕಿರುಚುವುದು ಕಷ್ಟವಾದವರು ಮಾತಾಡುವುದನ್ನೇ ಬಿಟ್ಟರು. ಅಜ್ಜಿಯ ಎದುರಿಗೇ ಅಜ್ಜಿಯ ವಿಷಯ ಮಾತಾಡುತ್ತಿದ್ದರು. ಸೊಪ್ಪು ಕಡ್ಡಿಗೆ ಕಟ್ಟುವ ಹೆಂಗಸರ ನಡುವೆ ಕೂತು ಕಥೆ ಹೇಳುತ್ತಿದ್ದದ್ದೇ ಅಜ್ಜಿ. "ನಂಗೆ ನೀವು ಅನ್ನೋದು ಕೇಳಾಕಿಲ್ಲ, ಸುಮ್ಕೆ ಯಾಕೆ" ಎಂದು ಅಲ್ಲಿಗೆ ಹೋಗುವುದನ್ನೂ ಬಿಟ್ಟಿತು. ಒಂದು ರಾತ್ರಿ ನೀರು ಕುಡಿಯಲು ಎದ್ದೆ. ಅಜ್ಜಿ ಕತ್ತಲಲ್ಲಿ ಮಂಚದ ಮೇಲೆ ಎದ್ದು ಕೂತಿತ್ತು. ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಅದನ್ನು ಬಲಗಿವಿಯ ಹತ್ತಿರ ಅಲ್ಲಾಡಿಸಿತು. ಆಮೇಲೆ ಎಡಗಿವಿಯ ಹತ್ತಿರ ಅಲ್ಲಾಡಿಸಿತು. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ನಾನು ನೀರು ಕುಡಿಯದೆ ಬಂದು ಮಲಗಿದೆ.

ಅದೇ ವಾರ ವಿಜ್ಞಾನ ಮೇಷ್ಟ್ರು ವಿದ್ಯುತ್ತಿನ ಕಾಂತೀಯ ಪರಿಣಾಮಗಳ ಪಾಠ ಮಾಡುತ್ತಿದ್ದರು. "ಸಾರ್, ಸ್ಪೀಕರ್ ಯಾಕೆ ಸುಟ್ಟುಹೋಗುತ್ತೆ?" ಎಂದು ನಾನು ಕೇಳಿದ್ದು ನಿಮಗೆ ನೆನಪಿರಬಹುದು. ನೀವೆಲ್ಲ ನಕ್ಕಿರಿ. ಮೇಷ್ಟ್ರು ನಗಲಿಲ್ಲ. ಮಾರನೆ ದಿನ ಒಂದು ಗುಜರಿ ಸ್ಪೀಕರ್ ತಂದು ಮೇಜಿನ ಮೇಲೆ ಇಟ್ಟರು. ಅಂದು ಶಾಲೆಗೆ ಬಾರದವರಿಗಾಗಿ ಅವರು ಹೇಳಿದ್ದನ್ನು ಬರೆಯುತ್ತೇನೆ.

ಸ್ಪೀಕರಿನ ಹಿಂಭಾಗದಲ್ಲಿ ದುಂಡನೆಯ ಭಾರದ ಅಯಸ್ಕಾಂತ ಇರುತ್ತದೆ. ಅದರ ನಡುವೆ ಬಹಳ ಕಿರಿದಾದ ಒಂದು ಸಂದು. ಆ ಸಂದಿನಲ್ಲಿ ತೆಳ್ಳನೆಯ ತಂತಿ ಸುತ್ತಿದ ಸುರುಳಿ ನಿಂತಿರುತ್ತದೆ. ಇದಕ್ಕೆ ವಾಯ್ಸ್ ಕಾಯಿಲ್ ಎನ್ನುತ್ತಾರೆ. ಕಾಯಿಲ್ಲಿಗೆ ಕಾಗದದ ಕೋನು ಅಂಟಿರುತ್ತದೆ. ಕಾಯಿಲ್ಲಿನಲ್ಲಿ ವಿದ್ಯುತ್ ಹರಿದಾಗ ಅಯಸ್ಕಾಂತ ಅದನ್ನು ತಳ್ಳುತ್ತದೆ. ನಾವು ಬಾಯಿಪಾಠ ಮಾಡಿದ ಫ್ಲೆಮಿಂಗನ ಎಡಗೈ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ವಿದ್ಯುತ್ತಿನ ದಿಕ್ಕು ಬದಲಾದ ಹಾಗೆ ಕೋನು ಹಿಂದೆ ಮುಂದೆ ಹೋಗಿ ಗಾಳಿಯನ್ನು ಅಲುಗಿಸುತ್ತದೆ, ಅದೇ ಸದ್ದು. ಇಂದು ಮನೆಮನೆಯಲ್ಲಿರುವ ಈ ಬಗೆಯ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು 1925ರಲ್ಲಿ ಪ್ರಕಟಿಸಿದರು. ಸುಮಾರು 100 ವರ್ಷವಾದರೂ ಒಳಗಿನ ಉಪಾಯ ಅದೇ.

ಸ್ಪೀಕರಿಗೆ ಕೊಟ್ಟ ಶಕ್ತಿಯಲ್ಲಿ ಸದ್ದಾಗುವುದು ಬಹಳ ಸ್ವಲ್ಪ ಪಾಲು. ಮಿಕ್ಕಿದ್ದೆಲ್ಲ ಕಾಯಿಲ್ಲಿನಲ್ಲಿ ಶಾಖವಾಗುತ್ತದೆ. ವಾಲ್ಯೂಮನ್ನು ತುದಿಗೆ ತಿರುಗಿಸಿದರೆ ಸೆಟ್ಟಿನ ಕೈಲಾಗುವುದಕ್ಕಿಂತ ಜಾಸ್ತಿ ಕೇಳಿದ ಹಾಗಾಗುತ್ತದೆ. ಆಗ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಗರಗರ ಸದ್ದು ಬರುವುದು ಅದರಿಂದಲೇ. ಕಾಯಿಲ್ಲಿಗೆ ಆರಲು ಪುರುಸೊತ್ತು ಸಿಗುವುದಿಲ್ಲ. ತಂತಿಯ ಮೇಲಿನ ಲೇಪ, ಅಂಟು ಸುಟ್ಟು, ಕೊನೆಗೆ ತಂತಿಯೇ ತುಂಡಾಗುತ್ತದೆ. "ಬ್ಯಾರನ್‌ಗೆ ಸೌದೆ ತುಂಬುತ್ತಲೇ ಇದ್ದು, ಗಾಳಿ ಬಿಡುವುದನ್ನು ಮರೆತರೆ ಏನಾಗುತ್ತೆ? ಹಾಗೆಯೇ" ಎಂದರು ಮೇಷ್ಟ್ರು. ನಾನು ತಲೆ ತಗ್ಗಿಸಿದೆ. ಡಿ.ಜೆ. ಥರಾ ಇದೆ ಎಂದು ನಾವು ಖುಷಿಪಟ್ಟದ್ದು ಸ್ಪೀಕರಿನ ಕಿರುಚಾಟವನ್ನು.

ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ನಾಳೆ ಅವ್ವನ್ನ ಮೈಸೂರಿಗೆ ಕರ್ಕೊಂಡೋಗ್ತೀನಿ, ಮಾನಸಗಂಗೋತ್ರೀಲಿ ಕಿವಿ ನೋಡೋ ಆಸ್ಪತ್ರೆ ಅದಲ್ಲ, ಅಲ್ಲಿಗೆ" ಎಂದರು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಬ್ಯಾರನ್ ತುಂಬ ಸೊಪ್ಪು ಇತ್ತು. ಒಂದು ದಿನ ಕಾವು ತಪ್ಪಿದರೆ ಪೂರ್ತಿ ಕಪ್ಪಾಗುತ್ತದೆ, ಹರಾಜಿನಲ್ಲಿ ಯಾರೂ ಕೇಳುವುದಿಲ್ಲ. "ಬ್ಯಾರನ್ ಯಾರು ನೋಡ್ತಾರೆ?" ಎಂದಳು ಅವ್ವ. "ಹೋದ್ರೆ ಸೊಪ್ಪು ಹೋಗ್ಲಿ, ಅವ್ವನ ಕಿವಿ ಹೋದ್ರೆ ಬತ್ತದಾ" ಎಂದರು ಅಪ್ಪ.

ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. "ಅಪ್ಪ, ಅಜ್ಜಿ ಕಿವಿ ಹೋಗಿಲ್ಲ. ಸ್ಪೀಕರ್ ಹೋಗಿರೋದು. ನಾನೇ ಸುಟ್ಟಿದ್ದು" ಎಂದು ಹೇಳಿಬಿಟ್ಟೆ. ತಮ್ಮ ತಟ್ಟೆ ಬಿಟ್ಟು ಎದ್ದು ಓಡಿದ. ಅಪ್ಪ ಹೊಡೆಯಲಿಲ್ಲ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಜ್ಜಿಗೆ ನಾನು ಹೇಳಿದ್ದು ಕೇಳಿಸಿತ್ತು, ನಾನು ಕಿರುಚಿ ಹೇಳಿರಲಿಲ್ಲ. "ಅಯ್ಯೋ ಪಾಪಿ, ಅದಿನೈದು ದಿವ್ಸ ನನ್ನ ಕಿವುಡಿ ಮಾಡ್ಬುಟ್ಟಲ್ಲೋ" ಎಂದು ಎದ್ದು ಕೋಣೆಗೆ ಹೋಯಿತು. ಆಮೇಲೆ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆ ರಾತ್ರಿಯೇ ಅಪ್ಪ ಟಾರ್ಚ್ ಹಿಡಿದುಕೊಂಡರು. ಪ್ಲಗ್ ಕಿತ್ತು ಸ್ಪೀಕರ್ ವೈರುಗಳನ್ನು ಅದಲು ಬದಲು ಮಾಡಿದೆವು. ಈಗಲೂ ಎಡಗಡೆ ಸ್ಪೀಕರೇ ಸುಮ್ಮನಿತ್ತು. ಅಂದರೆ ಸೆಟ್ಟು ಕೆಟ್ಟಿಲ್ಲ, ಉದ್ದ ವೈರೂ ಕೆಟ್ಟಿಲ್ಲ. ಡಬ್ಬದ ನಾಲ್ಕು ಸ್ಕ್ರೂ ಬಿಚ್ಚಿ ಸ್ಪೀಕರ್ ಹೊರಗೆ ತೆಗೆದೆವು. ಗಡಿಯಾರದ 1.5 ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಕಿಸಿದರೆ ಒಳ್ಳೆಯ ಸ್ಪೀಕರ್ ಟಕ್ ಎನ್ನಬೇಕು ಎಂದು ಮೇಷ್ಟ್ರು ಹೇಳಿದ್ದರು. ಬಲಗಡೆಯದು ಟಕ್ ಎಂದಿತು, ಎಡಗಡೆಯದು ಅನ್ನಲಿಲ್ಲ. ಬೆರಳಿನಿಂದ ಕೋನನ್ನು ಮೆಲ್ಲಗೆ ಒತ್ತಿದರೆ ಒಳಗೆ ಕರಕರ ಎಂದು ಉಜ್ಜಿತು.

ಮಾರನೆ ದಿನ ಶಾಲೆ ಮುಗಿಸಿ ಹುಣಸೂರಿಗೆ ಹೋದೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಗಲ್ಲಿಯಲ್ಲಿ ವಯಸ್ಸಾದ ಒಬ್ಬ ರಿಪೇರಿಯವರು ಇದ್ದಾರೆ. ಹಿಂದೆ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರಂತೆ. ಈಗ ಮಿಕ್ಸಿ, ಬಲ್ಬು, ಮೈಕ್ ಸೆಟ್ಟು. ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆಯ ಮದುವೆ ಸೌಂಡಿನವರು ಹರಿದ ಸ್ಪೀಕರ್ ತಂದು ಗೋಡೆಯ ಉದ್ದಕ್ಕೂ ಒರಗಿಸಿದ್ದರು. ಅವರು ನಮ್ಮ ಸ್ಪೀಕರಿಗೆ ಮೀಟರ್ ಇಟ್ಟರು. "8 ಓಮ್ ಸ್ಪೀಕರು ಮೀಟರಿನಲ್ಲಿ ಆರೂವರೆ, ಏಳು ತೋರಿಸಬೇಕು, ಇದು ಏನೂ ತೋರಿಸ್ತಿಲ್ಲ ನೋಡು" ಎಂದರು. ಹೊರಗಿನ ಹೆಣೆದ ವೈರು ತುಂಡಾಗಿದ್ದರೆ ಬೆಸುಗೆ ಹಾಕಿದರೆ ಸಾಕಂತೆ. ನನಗೆ ಆಸೆ ಹುಟ್ಟಿತು. ಕೋನಿನ ಹತ್ತಿರ ಮೀಟರ್ ಇಟ್ಟು ನೋಡಿ ತಲೆ ಅಲ್ಲಾಡಿಸಿದರು. ಕಾಯಿಲ್ಲೇ ಹೋಗಿತ್ತು.

ಅವರ ಹತ್ತಿರ ಕಾರಿನ 4 ಓಮ್ ಸ್ಪೀಕರು ಕಡಿಮೆ ಬೆಲೆಗೆ ಇತ್ತು. ಅದನ್ನೇ ಕೊಡಿ ಎಂದೆ. "ಬ್ಯಾಡ ಮಗ. 8 ಇದ್ದ ಕಡೆ 4 ಹಾಕಿದ್ರೆ ಸೆಟ್ಟು ಜಾಸ್ತಿ ಕರೆಂಟು ಕೊಡ್ಬೇಕಾಯ್ತದೆ, ಬಿಸಿಯಾಗಿ ಅದೂ ಸುಡ್ತದೆ. ನಿಮ್ಮ ಮ್ಯಾಗ್ನೆಟ್ಟು ಚೆನ್ನಾಗದೆ, ಕೋನು ಕಾಯಿಲ್ಲು ಬದಲಾಯಿಸ್ಕೊಡ್ತೀನಿ" ಎಂದರು. 400 ರೂಪಾಯಿ ಕೇಳಿದರು. ಪ್ರವಾಸಕ್ಕೆ ಕೂಡಿಟ್ಟಿದ್ದ 600 ರೂಪಾಯಿ ಜೇಬಿನಲ್ಲಿತ್ತು. ಎಣಿಸಿ ಕೊಟ್ಟೆ. ಅಪ್ಪ ಕೊಡುತ್ತೇನೆ ಎಂದಿದ್ದರು, ನಾನೇ ಬೇಡ ಎಂದಿದ್ದೆ.

ಕೆಲಸವನ್ನು ನೋಡಲು ಬಿಟ್ಟರು. ಹಳೆಯ ಕೋನನ್ನು ಬ್ಲೇಡಿನಿಂದ ಕೊಯ್ದು ತೆಗೆದಾಗ ಕಾಯಿಲ್ಲು ಹೊರಗೆ ಬಂತು. ಸೀದ ಹಪ್ಪಳದ ಹಾಗೆ ಕರ್ರಗಾಗಿತ್ತು. ಅಂಟು ಟೇಪನ್ನು ಸಂದಿನೊಳಗೆ ಇಳಿಸಿ ಕಬ್ಬಿಣದ ಪುಡಿ, ಮಸಿ ಎಲ್ಲವನ್ನೂ ಎಳೆದು ತೆಗೆದರು. ಹೊಸ ಕಾಯಿಲ್ಲು ಸಂದಿನ ನಟ್ಟನಡುವೆ ನಿಲ್ಲಬೇಕು, ಎಲ್ಲಿಯೂ ತಾಕಬಾರದು. ಅದಕ್ಕೆ ಹಳೆಯ ಎಕ್ಸರೇ ಫಿಲಂ ಕತ್ತರಿಸಿ ಸುತ್ತಲೂ ಸಿಕ್ಕಿಸಿದರು. ಆಮೇಲೆ ಕೋನು ಕೂರಿಸಿ ಅಂಟು ಹಾಕಿ, "ನಾಳಿದ್ದು ಬಾ. ಅಂಟು ಒಣಗೋದ್ರಲ್ಲಿ ಅವಸರ ಮಾಡಿದೋನು ಕೆಟ್ಟ" ಎಂದರು. ನಾಳಿದ್ದು ಹೋದಾಗ ಫಿಲಂ ತುಂಡು ಎಳೆದು ತೆಗೆದು, ನಡುವಿನ ಬಿಲ್ಲೆ ಅಂಟಿಸಿ ಕೊಟ್ಟರು. ಮೀಟರು 6.8 ತೋರಿಸಿತು.

ಅಂದು ಸಂಜೆ ಸ್ಪೀಕರನ್ನು ಅಜ್ಜಿಯ ತಲೆದಿಸೆಗೆ ಇಟ್ಟು ರೇಡಿಯೋ ಹಾಕಿದೆ. ರೈತರ ಕಾರ್ಯಕ್ರಮ ಬರುತ್ತಿತ್ತು. ಅಜ್ಜಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕೇಳಿ, "ಸಣ್ಣಗೆ ಮಾಡ್ಲಾ, ನಾನೇನು ಕಿವುಡಿನಾ?" ಎಂದಿತು. ಮೂರು ದಿನದ ಮೇಲೆ ನನ್ನ ಹತ್ತಿರ ಆಡಿದ ಮೊದಲನೆಯ ಮಾತು ಅದು. ಮಾರನೆ ದಿನ ಅಜ್ಜಿ ಸೊಪ್ಪು ಕಟ್ಟುವವರ ಜೊತೆ ಹೋಗಿ ಕೂತಿತು. ಅಲ್ಲಿ ಹೇಳಿದ ಮೊದಲನೆಯ ಕಥೆ ನನ್ನದೇ.

ಬ್ಯಾರನ್ ಕೆಲಸ ಮುಗಿದ ಮೇಲೆ ಅಪ್ಪ ಅಜ್ಜಿಯನ್ನು ಮೈಸೂರಿಗೆ ಕರೆದುಕೊಂಡು ಹೋದರು, ನಾನೂ ಹೋಗಿದ್ದೆ. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣ ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಲು ಹೇಳಿದರು. ಬಲಗಿವಿ ವಯಸ್ಸಿಗೆ ತಕ್ಕಂತೆ ಸ್ವಲ್ಪ ಮಂದವಾಗಿದೆ, ಎಡಗಿವಿ ಚೆನ್ನಾಗಿದೆ ಎಂದರು. ಅಂದರೆ ನಾವು ಅಂದುಕೊಂಡದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೆ ಸ್ಪೀಕರನ್ನು ಮುಟ್ಟಿ ನೋಡಿದ ಹಾಗೆ ಅಜ್ಜಿಯನ್ನೂ ಕೇಳಿ, ತೋರಿಸಿ ತಿಳಿಯಬೇಕಿತ್ತು. ಈಗ ಸ್ಪೀಕರನ್ನು ಮಂಚದ ಎಡಕ್ಕೆ ಇಟ್ಟಿದ್ದೇವೆ.

ಮನೆಯಲ್ಲಿ ಹಳೆಯ ಸೆಟ್ ಇರುವವರು ಇಷ್ಟನ್ನು ನೆನಪಿಡಿ:

1. ಸದ್ದು ಗರಗರ ಎಂದರೆ ಕೂಡಲೇ ವಾಲ್ಯೂಮ್ ಇಳಿಸಿ. ಅದು ಸ್ಪೀಕರ್ ಕೊಡುವ ಎಚ್ಚರಿಕೆ.

2. ವೈರು ಮುಟ್ಟುವ ಮೊದಲು ಪ್ಲಗ್ ಕಿತ್ತುಬಿಡಿ. ಸೆಟ್ಟಿನ ಒಳಗೆ ಮಾತ್ರ ನೀವೇ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು.

3. ಹೊಸ ಸ್ಪೀಕರ್ ಹಾಕುವುದಾದರೆ ಓಮ್, ವ್ಯಾಟ್, ಅಳತೆ ಮೂರೂ ಹಳೆಯದಕ್ಕೆ ಹೊಂದಬೇಕು.

4. ಕೆಂಪು ಗುರುತಿನ ಕಡೆಗೆ ಕೆಂಪು ವೈರನ್ನೇ ಹಾಕಿ. ಅಕ್ಕಪಕ್ಕ ಇಟ್ಟ ಎರಡರಲ್ಲಿ ಒಂದು ತಿರುಗುಮುರುಗಾದರೆ ಒಂದರ ಕೋನು ಮುಂದೆ ಬಂದಾಗ ಇನ್ನೊಂದರದು ಹಿಂದೆ ಹೋಗುತ್ತದೆ, ಬಾಸ್ ಸತ್ತುಹೋಗುತ್ತದೆ.

ಗೆಳೆಯರೇ, ಸ್ಪೀಕರ್ ಸುಟ್ಟದ್ದು 400 ರೂಪಾಯಿಯ ತಪ್ಪು. ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡದು. ಪ್ರವಾಸಕ್ಕೆ ಮುಂದೆ ಯಾವಾಗಲಾದರೂ ಹೋಗುತ್ತೇನೆ. ಜ್ವರ ಎಂದು ಹೇಳಿದ್ದಕ್ಕೆ ನಿಮ್ಮೆಲ್ಲರಲ್ಲೂ ಕ್ಷಮೆ ಕೇಳುತ್ತೇನೆ. ತಮ್ಮ ಪೆನ್ನು ವಾಪಸು ಕೊಟ್ಟಿದ್ದಾನೆ, ಈ ಲೇಖನವನ್ನು ಅದರಲ್ಲೇ ಬರೆದಿದ್ದೇನೆ. ಬಾಲು ಇನ್ನೂ ಕೊಟ್ಟಿಲ್ಲ.

ತಪ್ಪುಗಳಿದ್ದರೆ ತಿದ್ದಿ ಓದಿಕೊಳ್ಳಿ.

ಇಂತಿ ನಿಮ್ಮ ಸಹಪಾಠಿ,
10ನೇ ತರಗತಿ, 'ಬಿ' ವಿಭಾಗ